ರವೇಲ್‌ನ ಜಗಲಿಗೆ ಬಂದ ಕಲ್ಲು

ದತ್ತಿ ಉಪನ್ಯಾಸದ ಪಠ್ಯ



2022ರ ಆಗಸ್ಟ್ 17ರ ಸಂಜೆ ಉತ್ತರ ಗುಜರಾತಿನ ಬನಾಸ್‌ಕಾಂಠಾ ಜಿಲ್ಲೆಯ ಆಕಾಶದಲ್ಲಿ ಬೆಂಕಿಯ ಗೆರೆಯೊಂದು ಹಾದುಹೋಯಿತು. ಅದರ ಜೊತೆಗೇ ಗುಡುಗಿನಂಥ ಸದ್ದು. ದಿಯೋದರ್ ತಾಲ್ಲೂಕಿನ ಎರಡು ಹಳ್ಳಿಗಳಲ್ಲಿ ಕಲ್ಲು ಬಿತ್ತು. ರಾಂಟೀಲಾದಲ್ಲಿ ಬಿದ್ದದ್ದು ಬೇವಿನ ಮರದ ಕೊಂಬೆಯನ್ನು ಸೀಳಿ ನೆಲಕ್ಕೆ ಬಡಿದು ಚೂರಾಯಿತು. ಅಲ್ಲಿಂದ ಸುಮಾರು 10 ಕಿಲೋಮೀಟರು ದೂರದ ರವೇಲ್‌ನಲ್ಲಿ ಇನ್ನೊಂದು ತುಂಡು ಮನೆಯೊಂದರ ಜಗಲಿಗೆ ಬಂದು ನೆಲದ ಟೈಲ್ಸನ್ನು ಒಡೆಯಿತು. ಆ ಊರಿನವರು ದೊಡ್ಡ ತುಂಡನ್ನು ತೆಗೆದಿಟ್ಟರು, ಧೂಳಿನಲ್ಲಿ ಬಿದ್ದಿದ್ದ ಚೂರುಗಳನ್ನೂ ಆಯ್ದು ಇಟ್ಟರು. ದೊಡ್ಡ ತುಂಡಿನ ತೂಕ ಸುಮಾರು 200 ಗ್ರಾಂ.

ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದ, ಅಂದರೆ ನಾವೆಲ್ಲ ಪಿಆರ್‌ಎಲ್ ಎಂದು ಕರೆಯುವ ಸಂಸ್ಥೆಯ ವಿಜ್ಞಾನಿಗಳು ಎರಡೂ ಹಳ್ಳಿಗಳಿಂದ ತುಣುಕುಗಳನ್ನು ತಂದು ಪರೀಕ್ಷಿಸಿದರು. 2023ರ ಆರಂಭದಲ್ಲಿ ನಮ್ಮ ಬೆಂಗಳೂರಿನಿಂದಲೇ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಅವರ ವರದಿ ಪ್ರಕಟವಾಯಿತು. ದಿಯೋದರ್‌ನ ಉಲ್ಕಾಶಿಲೆ ಆಬ್ರೈಟ್ ಎಂಬ ಅತಿ ವಿರಳ ವರ್ಗಕ್ಕೆ ಸೇರಿದ್ದು. ಭಾರತದಲ್ಲಿ ಇದಕ್ಕೆ ಮುಂಚೆ ಈ ವರ್ಗದ ಕಲ್ಲು ಬಿದ್ದ ದಾಖಲೆ ಇದ್ದದ್ದು ಒಂದೇ ಸಲ, ಅದಕ್ಕೂ 170 ವರ್ಷ ಮೊದಲು.

ಈ ಸಂಜೆ ನಾನು ಮಾತಾಡಬೇಕೆಂದಿರುವುದು ಆ ‘ಆಬ್ರೈಟ್’ ಎಂಬ ಒಂದು ಹೆಸರಿನ ಹಿಂದೆ ಏನೇನಿದೆ ಎಂಬುದರ ಬಗ್ಗೆ. ಉಲ್ಕಾಶಿಲೆಯ ವರ್ಗೀಕರಣವೆಂದರೆ ಸಂಗ್ರಹಾಲಯದ ಗಾಜಿನ ಪೆಟ್ಟಿಗೆಗೆ ಅಂಟಿಸುವ ಚೀಟಿ ಎಂದು ಬಹಳ ಜನ ಭಾವಿಸಿದ್ದಾರೆ. ಅದು ಕಲ್ಲಿನ ಹುಟ್ಟೂರನ್ನು ಪತ್ತೆಹಚ್ಚುವ ಕೆಲಸ. ಆ ಪತ್ತೆಗೆ ವಿಜ್ಞಾನಿಯಷ್ಟೇ ಮುಖ್ಯವಾದವರು ಕಲ್ಲು ಬಿದ್ದ ಮನೆಯವರು. ಅದು ಹೇಗೆ ಎಂದು ಹೇಳಲು ಸ್ವಲ್ಪ ಹಿಂದಿನಿಂದ ಬರಬೇಕು.

ಮೊದಲು ಆ ಒಡೆದ ಟೈಲ್ಸ್. ಬಾಹ್ಯಾಕಾಶದಿಂದ ಬರುವ ಕಲ್ಲು ನಮ್ಮ ವಾತಾವರಣವನ್ನು ಹೊಕ್ಕಾಗ ಅದರ ವೇಗ ಸೆಕೆಂಡಿಗೆ 11 ಕಿಲೋಮೀಟರಿಗಿಂತ ಕಡಿಮೆ ಇರುವುದಿಲ್ಲ. ಅದೇ ವೇಗದಲ್ಲಿ ನೆಲ ಮುಟ್ಟಿದ್ದರೆ ಆ ಜಗಲಿ ಉಳಿಯುತ್ತಿರಲಿಲ್ಲ. ಆದರೆ ಗಾಳಿ ಅದನ್ನು ತಡೆಯುತ್ತದೆ. ಮುಂಭಾಗ ಕರಗಿ, ಉರಿದು, ಉದುರುತ್ತದೆ. ನಾವು ನೋಡುವ ಬೆಂಕಿಯ ಗೆರೆ ಅದೇ. ಚಿಕ್ಕ ಕಲ್ಲುಗಳ ವಿಷಯದಲ್ಲಿ ಸುಮಾರು 20 ಕಿಲೋಮೀಟರು ಎತ್ತರಕ್ಕೆ ಬರುವಷ್ಟರಲ್ಲಿ ಆ ವೇಗವೆಲ್ಲ ಮುಗಿದು ಬೆಳಕು ಆರಿರುತ್ತದೆ. ಅಲ್ಲಿಂದ ಕೆಳಕ್ಕೆ ಯಾರ ಕಣ್ಣಿಗೂ ಬೀಳದೆ, ಎತ್ತರದಿಂದ ಕೈಬಿಟ್ಟ ಯಾವುದೇ ಕಲ್ಲು ಬೀಳುವಂತೆ ಅದು ಬೀಳುತ್ತದೆ. 200 ಗ್ರಾಮಿನ ಕಲ್ಲು ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 200 ಕಿಲೋಮೀಟರು ಇರುತ್ತದೆ. ಟೈಲ್ಸ್ ಒಡೆಯಲು, ಕೊಂಬೆ ಸೀಳಲು ಅಷ್ಟು ಸಾಕು. ಕರಗಿದ ಪದರ ಒಂದು ಮಿಲಿಮೀಟರಿನ ಆಸುಪಾಸಿನದು. ಒಳಗಿನ ಕಲ್ಲಿಗೆ ಆ ಕಾವು ತಲುಪುವಷ್ಟು ಸಮಯವೇ ಇರುವುದಿಲ್ಲ. ಉಲ್ಕೆ ಬಿದ್ದು ಮನೆಗೆ ಬೆಂಕಿ ಹತ್ತಿತು ಎಂಬ ಸುದ್ದಿಗಳನ್ನು ನಾವು ಸುಲಭವಾಗಿ ನಂಬಬಾರದು ಎನ್ನುವುದು ಇದರಿಂದಲೇ. ಒಳಭಾಗ ಬೇಯದೆ ಉಳಿಯುತ್ತದೆಂಬ ಕಾರಣಕ್ಕೇ ನಮಗೆ ಅದರಿಂದ ಏನಾದರೂ ತಿಳಿಯುತ್ತದೆ.

ಈಗ ವರ್ಗೀಕರಣಕ್ಕೆ ಬರೋಣ. ಬಿದ್ದದ್ದನ್ನು ಜನ ಕಂಡು ಎತ್ತಿಕೊಂಡ ಉಲ್ಕಾಶಿಲೆಗಳಲ್ಲಿ ನೂರಕ್ಕೆ ಸುಮಾರು 80 ಸಾಮಾನ್ಯ ಕಾಂಡ್ರೈಟ್‌ಗಳು. ಇವುಗಳೊಳಗೆ ಕಾಂಡ್ರೂಲ್ ಎಂಬ ಸಣ್ಣ ಗುಂಡುಗಳಿರುತ್ತವೆ, ಹೆಚ್ಚಿನವು ಒಂದು ಮಿಲಿಮೀಟರಿಗಿಂತ ಚಿಕ್ಕವು. ಸೂರ್ಯನ ಸುತ್ತ ಇನ್ನೂ ಗ್ರಹಗಳಾಗದೆ ಧೂಳು ಸುತ್ತುತ್ತಿದ್ದ ಕಾಲದಲ್ಲಿ ಕರಗಿ, ಹನಿಗಟ್ಟಿ, ಆರಿದ ವಸ್ತು ಅದು. ಈ ಕಾಂಡ್ರೈಟ್‌ಗಳನ್ನು ಅವುಗಳಲ್ಲಿರುವ ಕಬ್ಬಿಣದ ಪ್ರಮಾಣದ ಮೇಲೆ ಮೂರು ಗುಂಪು ಮಾಡುತ್ತಾರೆ. ಕಬ್ಬಿಣ ಹೆಚ್ಚಿರುವುದು ಎಚ್, ಅಂದರೆ ಸುಮಾರು ನೂರಕ್ಕೆ 27 ಪಾಲು. ಕಡಿಮೆಯದು ಎಲ್, ಸುಮಾರು 22. ಇನ್ನೂ ಕಡಿಮೆಯದು ಎಲ್‌ಎಲ್. ಈ ಅಕ್ಷರದ ಪಕ್ಕದಲ್ಲಿ 3ರಿಂದ 6ರವರೆಗೆ ಒಂದು ಅಂಕಿ. ಇದು 1967ರಲ್ಲಿ ವ್ಯಾನ್ ಷ್ಮುಸ್ ಮತ್ತು ವುಡ್ ಎಂಬ ಇಬ್ಬರು ಕೊಟ್ಟ ಪದ್ಧತಿ. ಕಲ್ಲು ತನ್ನ ತಾಯಿಕಾಯದೊಳಗೆ, ಅಂದರೆ ಅದು ಒಡೆದು ಬಂದ ಮೂಲ ಕಾಯದೊಳಗೆ, ಎಷ್ಟು ಬೆಂದಿದೆ ಎಂಬುದನ್ನು ಆ ಅಂಕಿ ಹೇಳುತ್ತದೆ. ಇಟ್ಟಿಗೆ ಗೂಡನ್ನು ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ: ಹೊರಸಾಲಿನ ಇಟ್ಟಿಗೆ ಅರೆಬೆಂದಿರುತ್ತದೆ, ನಡುವಿನದು ಚೆನ್ನಾಗಿ ಸುಟ್ಟಿರುತ್ತದೆ, ಮಣ್ಣು ಮಾತ್ರ ಒಂದೇ. 3 ಎಂದರೆ ಗುಂಡುಗಳು ಸ್ಪಷ್ಟವಾಗಿ ಕಾಣುವ, ಹೆಚ್ಚು ಕಾವು ತಾಗದ ಕಲ್ಲು. 6 ಎಂದರೆ ಗುಂಡುಗಳ ಅಂಚು ಸುತ್ತಲಿನ ಹರಳುಗಳಲ್ಲಿ ಬೆರೆತು ಮಸುಕಾದ ಕಲ್ಲು.

ಮನೆಗಳಿಗೆ ಬಡಿದ ಕಲ್ಲುಗಳಲ್ಲೂ ಹೆಚ್ಚಿನವು ಈ ಸಾಮಾನ್ಯ ಗುಂಪಿನವೇ. 1954ರ ನವೆಂಬರ್ 30ರಂದು ಅಮೆರಿಕದ ಅಲಬಾಮಾದ ಸಿಲಕಾಗದಲ್ಲಿ ಮನೆಯ ಛಾವಣಿ ತೂರಿ, ಒಳಗೆ ಮಲಗಿದ್ದ ಹೆಂಗಸಿನ ಪಕ್ಕೆಗೆ ಬಡಿದ ಕಲ್ಲು ಎಚ್4. 2023ರ ಮೇ 8ರಂದು ನ್ಯೂಜೆರ್ಸಿಯ ಹೋಪ್‌ವೆಲ್‌ನಲ್ಲಿ ಛಾವಣಿ ಒಡೆದು ಮಲಗುವ ಕೋಣೆಯ ಮರದ ನೆಲವನ್ನು ಜಜ್ಜಿದ, ಒಂದು ಕಿಲೋಗೆ ಸ್ವಲ್ಪ ಕಡಿಮೆ ತೂಕದ ಕಲ್ಲು ಎಲ್‌ಎಲ್6. ಕನೆಕ್ಟಿಕಟ್‌ನ ವೆದರ್ಸ್‌ಫೀಲ್ಡ್ ಪಟ್ಟಣದಲ್ಲಂತೂ 1971ರಲ್ಲಿ ಒಂದು ಮನೆಗೆ, 1982ರಲ್ಲಿ ಇನ್ನೊಂದು ಮನೆಗೆ ಕಲ್ಲು ಬಿತ್ತು. ಎರಡೂ ಎಲ್6. ಒಂದೇ ಊರು, ಒಂದೇ ವರ್ಗ ಎಂದಮಾತ್ರಕ್ಕೆ ಅವು ಒಟ್ಟಿಗೆ ಹೊರಟು ಬಂದ ಕಲ್ಲುಗಳೇನಲ್ಲ. ಎಲ್ ವರ್ಗದ ತಾಯಿಕಾಯ ಸುಮಾರು 47 ಕೋಟಿ ವರ್ಷಗಳ ಹಿಂದೆ ಇನ್ನೊಂದಕ್ಕೆ ಡಿಕ್ಕಿ ಹೊಡೆದು ಒಡೆದು ಚದುರಿತು. ಅದರ ಚೂರುಗಳು ಇವತ್ತಿಗೂ ಭೂಮಿಗೆ ಬೀಳುತ್ತಲೇ ಇವೆ. ಆಗ ಬಿದ್ದ ಚೂರುಗಳು ಸ್ವೀಡನ್ನಿನ ಸುಣ್ಣಕಲ್ಲಿನ ಗಣಿಯಲ್ಲಿ ಪಳೆಯುಳಿಕೆಗಳಾಗಿ ಸಿಕ್ಕಿವೆ.

ದಿಯೋದರ್‌ನ ಕಲ್ಲು ಈ ಪಟ್ಟಿಯಲ್ಲಿ ಎಲ್ಲೂ ಕೂರುವುದಿಲ್ಲ.

ಅದರಲ್ಲಿ ಗುಂಡುಗಳಿಲ್ಲ. ಗುಂಡುಗಳಿಲ್ಲದ ಕಲ್ಲೆಂದರೆ ಒಮ್ಮೆ ಪೂರ್ತಿ ಕರಗಿದ ಕಾಯದಿಂದ ಬಂದದ್ದು ಎಂದರ್ಥ. ಅದನ್ನು ಅಕಾಂಡ್ರೈಟ್ ಎನ್ನುತ್ತಾರೆ. ಕರಗಿದಾಗ ಭಾರದ ಲೋಹ ನಡುವಿಗೆ ಇಳಿಯುತ್ತದೆ, ಹಗುರ ಕಲ್ಲು ಮೇಲೆ ನಿಲ್ಲುತ್ತದೆ. ಭೂಮಿಗೂ ಹೀಗೇ ಆಗಿದೆ. ಆದರೆ ಅಕಾಂಡ್ರೈಟ್‌ಗಳಲ್ಲೂ ಹಲವು ಬಗೆ. ದಿಯೋದರ್‌ನ ಕಲ್ಲಿನಲ್ಲಿ ನೂರಕ್ಕೆ ಸುಮಾರು 90 ಪಾಲು ಪೈರಾಕ್ಸೀನ್ ಎಂಬ ಒಂದೇ ಖನಿಜ. ಅದರೊಳಗಿನ ಒಂದು ವಿಶೇಷವನ್ನು ಹೇಳಲು ನಾನು ನಿಮ್ಮನ್ನು ನಮ್ಮ ಬಿಳಿಗಿರಿರಂಗನ ಬೆಟ್ಟಕ್ಕೆ ಕರೆದುಕೊಂಡು ಹೋಗಬೇಕು.

ಬಿಳಿಗಿರಿರಂಗನ ಬೆಟ್ಟದ ಕಲ್ಲು ಚಾರ್ನೊಕೈಟ್. ಭೂವಿಜ್ಞಾನ ಓದುವ ಕರ್ನಾಟಕದ ವಿದ್ಯಾರ್ಥಿಗಳು ಅದರ ತೆಳುಪದರವನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಿಯೇ ಇರುತ್ತಾರೆ. ಕಲ್ಲನ್ನು ಗಾಜಿನ ಪಟ್ಟಿಗೆ ಅಂಟಿಸಿ 0.03 ಮಿಲಿಮೀಟರು ದಪ್ಪಕ್ಕೆ ಬರುವವರೆಗೆ ಉಜ್ಜುತ್ತಾರೆ. ಅಷ್ಟು ತೆಳುವಾದಾಗ ಕಲ್ಲಿನೊಳಗೂ ಬೆಳಕು ಹಾಯುತ್ತದೆ. ಧ್ರುವೀಕರಿಸಿದ ಬೆಳಕಿನಲ್ಲಿ ಆ ಪಟ್ಟಿಯನ್ನು ಮೆಲ್ಲಗೆ ತಿರುಗಿಸಿದರೆ ಚಾರ್ನೊಕೈಟಿನೊಳಗಿನ ಪೈರಾಕ್ಸೀನ್ ಹರಳು ನಸುಗೆಂಪಾಗಿ, ಇನ್ನಷ್ಟು ತಿರುಗಿಸಿದರೆ ನಸುಹಸಿರಾಗಿ ಬದಲಾಗುತ್ತದೆ. ವಿದ್ಯಾರ್ಥಿ ಮೊದಲ ಸಲ ಇದನ್ನು ಕಂಡಾಗ ಕಣ್ಣು ತೆಗೆಯಲು ಒಪ್ಪುವುದಿಲ್ಲ. ಆ ಬಣ್ಣ ಬರುವುದು ಹರಳಿನೊಳಗೆ ಕಬ್ಬಿಣ ಇರುವುದರಿಂದ. ಆಬ್ರೈಟಿನ ಪೈರಾಕ್ಸೀನ್ ಇದೇ ಮನೆತನದ್ದು, ಎನ್‌ಸ್ಟಟೈಟ್ ಎಂದು ಹೆಸರು. ಆದರೆ ಪಟ್ಟಿಯನ್ನು ಎಷ್ಟೇ ತಿರುಗಿಸಿ, ಬಣ್ಣವಿಲ್ಲ. ಅದರೊಳಗೆ ಇರುವುದು ಮೆಗ್ನೀಸಿಯಂ, ಸಿಲಿಕಾನ್, ಆಮ್ಲಜನಕ; ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ.

ಕಬ್ಬಿಣ ಎಲ್ಲಿಗೆ ಹೋಯಿತು? ಈ ಪ್ರಶ್ನೆಯಲ್ಲೇ ಆಬ್ರೈಟ್‌ಗಳ ಇಡೀ ಚರಿತ್ರೆ ಅಡಗಿದೆ. ಕಬ್ಬಿಣ ಹರಳಿನೊಳಗೆ ಸೇರಬೇಕಾದರೆ ಅದು ಆಮ್ಲಜನಕದ ಜೊತೆ ಕೂಡಬೇಕು. ಭೂಮಿಯಲ್ಲಿ ಆಮ್ಲಜನಕಕ್ಕೆ ಬರವಿಲ್ಲ. ನಮ್ಮ ಕಲ್ಲುಗಳಲ್ಲಿ ತೂಕದಲ್ಲಿ ಅರ್ಧದಷ್ಟು ಆಮ್ಲಜನಕವೇ. ಆಬ್ರೈಟ್ ಹುಟ್ಟಿದ ಜಾಗದಲ್ಲಿ ಅದಕ್ಕೆ ಬರ. ಇದ್ದ ಆಮ್ಲಜನಕ ಸಿಲಿಕಾನ್, ಮೆಗ್ನೀಸಿಯಂಗಳಿಗೇ ಸರಿಹೋಯಿತು. ಕಬ್ಬಿಣ ಲೋಹವಾಗಿಯೇ ಉಳಿದು, ಕರಗಿದ ಕಾಯದ ನಡುವಿಗೆ ಇಳಿದುಹೋಯಿತು. ಸಿಲಿಕಾನಿನಲ್ಲೂ ಒಂದಿಷ್ಟು ಪಾಲು ಆಮ್ಲಜನಕ ಸಿಗದೆ ಲೋಹದೊಳಗೇ ಕರಗಿತು. ಇನ್ನು ಕ್ಯಾಲ್ಸಿಯಂ. ನಮ್ಮಲ್ಲಿ ಅದು ಸುಣ್ಣಕಲ್ಲಿನಲ್ಲಿದೆ, ಫೆಲ್ಡ್‌ಸ್ಪಾರಿನಲ್ಲಿದೆ, ನಮ್ಮ ಮೂಳೆಯಲ್ಲಿದೆ. ಎಲ್ಲ ಕಡೆಯೂ ಆಮ್ಲಜನಕದ ಸಂಗದಲ್ಲೇ. ಆಬ್ರೈಟಿನಲ್ಲಿ ಕ್ಯಾಲ್ಸಿಯಂ ಗಂಧಕದ ಜೊತೆ ಕೂಡಿದೆ. ಮ್ಯಾಂಗನೀಸ್ ಕೂಡ ಗಂಧಕದ ಜೊತೆ. ಟೈಟಾನಿಯಂ ಸಾರಜನಕದ ಜೊತೆ. ಭೂಮಿಯ ರಸಾಯನಶಾಸ್ತ್ರ ಓದಿದವರಿಗೆ ಇದು ಪೂರ್ತಿ ಅಪರಿಚಿತ ಲೋಕ. ಒಂದು ಕಲ್ಲನ್ನು ಆಬ್ರೈಟ್ ಎಂದು ಕರೆದ ಕೂಡಲೇ ನಾವು ಇಷ್ಟನ್ನೂ ಹೇಳಿದಂತಾಯಿತು: ಇದು ಕರಗಿದ ಕಾಯದ್ದು, ಆಮ್ಲಜನಕ ಕಡಿಮೆ ಇದ್ದ ನೆರೆಯಲ್ಲಿ ಹುಟ್ಟಿದ್ದು, ಸೌರಮಂಡಲ ಆರಂಭವಾದ ಮೊದಲ ಕೆಲವೇ ದಶಲಕ್ಷ ವರ್ಷಗಳಲ್ಲಿ ಗಟ್ಟಿಯಾದದ್ದು.

ಈ ವರ್ಗದ ಹೆಸರು ಬಂದದ್ದು ಫ್ರಾನ್ಸಿನ ಆಬ್ರ್ ಎಂಬ ಹಳ್ಳಿಯಿಂದ. 1836ರಲ್ಲಿ ಅಲ್ಲಿ ಇಂಥ ಕಲ್ಲು ಬಿತ್ತು. ಆದರೆ ಇದರ ರಸಾಯನವನ್ನು ಮೊದಲು ಬಿಚ್ಚಿ ತೋರಿಸಿದ್ದು ನಮ್ಮ ದೇಶದ ಕಲ್ಲು. 1852ರ ಡಿಸೆಂಬರ್ 2ರಂದು ಗೋರಖಪುರದ ಹತ್ತಿರದ ಬಸ್ತಿಯಲ್ಲಿ ಬಿದ್ದದ್ದು. ಜಾರ್ಜ್ ಆಸ್ಬರ್ನ್ ಎಂಬವರು ಅದನ್ನು ಜೋಪಾನ ಮಾಡಿ ಕಳುಹಿಸಿದರು. ಅದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿ, ಅಲ್ಲಿನ ಖನಿಜಗಳ ಪಾಲಕರಾಗಿದ್ದ ನೆವಿಲ್ ಸ್ಟೋರಿ ಮಾಸ್ಕೆಲೀನ್ ಅವರ ಕೈಗೆ ಬಂತು.

ಮಾಸ್ಕೆಲೀನ್ ಬಗ್ಗೆ ನನಗೆ ವಿಶೇಷ ಗೌರವ. ಉಲ್ಕಾಶಿಲೆಯನ್ನು ತೆಳುಪದರ ಮಾಡಿ ಧ್ರುವೀಕೃತ ಬೆಳಕಿನಲ್ಲಿ ನೋಡಬೇಕೆಂದು ಹೊರಟ ಮೊದಲಿಗರಲ್ಲಿ ಅವರೊಬ್ಬರು. ಬಸ್ತಿಯ ಕಲ್ಲಿನಲ್ಲಿ ಅವರು ಕಂದುಬಣ್ಣದ ದುಂಡನೆಯ ಕಾಳುಗಳನ್ನು ಕಂಡರು, ಪರೀಕ್ಷಿಸಿದರು. ಅದೇ ಕ್ಯಾಲ್ಸಿಯಂ ಮತ್ತು ಗಂಧಕ ಕೂಡಿದ ವಸ್ತು, ಭೂಮಿಯ ಯಾವ ಖನಿಜದಲ್ಲೂ ಆವರೆಗೆ ಕಾಣದ ಜೋಡಿ. 1862ರಲ್ಲಿ ಅದಕ್ಕೆ ಓಲ್ಡ್‌ಹ್ಯಾಮೈಟ್ ಎಂದು ಹೆಸರಿಟ್ಟರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯವನ್ನು 1851ರಿಂದ ಕಟ್ಟಿ ಬೆಳೆಸುತ್ತಿದ್ದ ಥಾಮಸ್ ಓಲ್ಡ್‌ಹ್ಯಾಮ್ ಅವರ ಗೌರವಕ್ಕೆ ಆ ಹೆಸರು. ಓಲ್ಡ್‌ಹ್ಯಾಮೈಟಿನ ಕಾಳುಗಳೊಳಗೆ ಇನ್ನೂ ಚಿಕ್ಕದಾದ, ಹೊನ್ನಿನ ಬಣ್ಣದ ಎಂಟು ಮುಖದ ಹರಳುಗಳಿದ್ದವು. ಅವು ಟೈಟಾನಿಯಂ ಮತ್ತು ಸಾರಜನಕ ಸೇರಿದ ಖನಿಜದವು. ಕಲ್ಲನ್ನು ಕಾಪಾಡಿದ ಆಸ್ಬರ್ನ್ ಅವರ ಹೆಸರನ್ನು ಅದಕ್ಕಿಟ್ಟರು: ಆಸ್ಬರ್ನೈಟ್. ಇವತ್ತು ಕಬ್ಬಿಣದಂಗಡಿಯಲ್ಲಿ ಹೊನ್ನಿನ ಬಣ್ಣದ ಡ್ರಿಲ್ ಬಿಟ್ ಕೊಂಡರೆ ಅದರ ಮೇಲಿನ ಲೇಪನ ಇದೇ ಟೈಟಾನಿಯಂ ನೈಟ್ರೈಡ್. ಕಾರ್ಖಾನೆಯಲ್ಲಿ ಈ ಲೇಪನ ಮಾಡುವ ಕಾಲ ಬರುವುದಕ್ಕೆ ಬಹಳ ಮೊದಲೇ ಬಸ್ತಿಯ ಕಲ್ಲಿನೊಳಗೆ ಒಬ್ಬರು ಅದನ್ನು ಕಂಡಿದ್ದರು. ವೈಲ್ಡ್ 2 ಎಂಬ ಧೂಮಕೇತುವಿನಿಂದ ಸ್ಟಾರ್‌ಡಸ್ಟ್ ನೌಕೆ 2006ರಲ್ಲಿ ತಂದ ಧೂಳಿನಲ್ಲೂ ಆಸ್ಬರ್ನೈಟ್ ಸಿಕ್ಕಿತು.

ಬಸ್ತಿಯ ನಂತರ 170 ವರ್ಷ ಭಾರತದಲ್ಲಿ ಇನ್ನೊಂದು ಆಬ್ರೈಟ್ ಬಿದ್ದ ದಾಖಲೆ ಇಲ್ಲ. ಬಿದ್ದೇ ಇರಲಿಲ್ಲವೆ? ಬಿದ್ದಿರಬಹುದು, ಯಾರಿಗೂ ಗೊತ್ತಾಗದೆ ಹೋಗಿರಬಹುದು. ಇದಕ್ಕೆ ಎರಡು ಕಾರಣಗಳನ್ನು ಕೊಡುತ್ತೇನೆ, ನನ್ನ ಮಾತಿನ ಮುಖ್ಯ ಭಾಗ ಇದು.

ಉಲ್ಕಾಶಿಲೆಯನ್ನು ಹುಡುಕುವವರು ಕಪ್ಪು ಕಲ್ಲನ್ನು ಹುಡುಕುತ್ತಾರೆ. ಸಾಮಾನ್ಯ ಕಾಂಡ್ರೈಟಿನ ಕರಗಿದ ಮೇಲ್ಪದರ ಕಬ್ಬಿಣದಿಂದಾಗಿ ಕಪ್ಪಾಗಿರುತ್ತದೆ. ಅಯಸ್ಕಾಂತ ಹಿಡಿದರೆ ಅಂಟುತ್ತದೆ. ಆಬ್ರೈಟಿನ ಹರಳಿನಲ್ಲಿ ಕಬ್ಬಿಣವೇ ಇಲ್ಲದ್ದರಿಂದ ಅದರ ಮೇಲ್ಪದರ ಮಸುಕು ಬಿಳಿ, ಹಳದಿಗಂದು, ಕೆಲವೆಡೆ ಬೆಳಕು ಹಾಯುವ ಗಾಜಿನಂತೆ. 2024ರ ಜನವರಿ 21ರಂದು ಬರ್ಲಿನ್ನಿನ ಪಶ್ಚಿಮಕ್ಕೆ ರಿಬ್ಬೆಕ್ ಎಂಬ ಹಳ್ಳಿಯ ಹತ್ತಿರ ಆದದ್ದನ್ನು ನೋಡಿ. ಅರ್ಧ ಮೀಟರೂ ಇಲ್ಲದ ಆ ಕ್ಷುದ್ರಗ್ರಹವನ್ನು ಹಂಗೇರಿಯ ಖಗೋಳವಿಜ್ಞಾನಿ ಕ್ರಿಸ್ಟಿಯಾನ್ ಶಾರ್ನೆಟ್ಸ್ಕಿ ಬೀಳುವುದಕ್ಕೆ ಸುಮಾರು ಮೂರು ಗಂಟೆ ಮೊದಲೇ ಪತ್ತೆಹಚ್ಚಿದ್ದರು. ಎಲ್ಲಿ ಬೀಳುತ್ತದೆಂದು ಲೆಕ್ಕ ಹಾಕಿದ್ದರು. ಅಷ್ಟಾದರೂ ನುರಿತವರು ಹೊಲಗಳಲ್ಲಿ ದಿನಗಟ್ಟಲೆ ಅಲೆದರೂ ಮೊದಲಿಗೆ ಏನೂ ಕಾಣಲಿಲ್ಲ. ಅವರ ಕಣ್ಣು ಕಪ್ಪು ಕಲ್ಲನ್ನು ಹುಡುಕುತ್ತಿತ್ತು, ಅಲ್ಲಿದ್ದದ್ದು ಹೊಲದ ಬೇರೆ ಕಲ್ಲುಗಳಂತೆಯೇ ಕಾಣುವ ಆಬ್ರೈಟ್. ಜರ್ಮನಿಯ ಹೊಲದಲ್ಲಿ, ಬೀಳುವ ಜಾಗ ಮೊದಲೇ ಗೊತ್ತಿದ್ದೂ ಹೀಗಾಯಿತು. ಯಾವ ಸೂಚನೆಯೂ ಇಲ್ಲದೆ ಬನಾಸ್‌ಕಾಂಠಾದ ಬಯಲಿಗೆ ಬಿದ್ದಿದ್ದರೆ ಯಾರಿಗೆ ಸಿಗುತ್ತಿತ್ತು? ಒಡೆದ ಟೈಲ್ಸಿನ ಮೇಲೆ ಬಿದ್ದಿರುವ ಕಲ್ಲು ಯಾವ ಬಣ್ಣದ್ದಾದರೂ ಮನೆಯವರಿಗೆ ಕಾಣುತ್ತದೆ. ಅದು ತಮ್ಮ ಮನೆಯದಲ್ಲ ಎಂದು ಅವರಿಗೆ ಗೊತ್ತು.

ಎರಡನೆಯ ಕಾರಣ ನೀರು. ನಾನು ಈಗಷ್ಟೇ ಹೊಗಳಿದ ಓಲ್ಡ್‌ಹ್ಯಾಮೈಟ್ ತೇವ ತಡೆಯುವುದಿಲ್ಲ. ನೀರು ತಾಗಿದರೆ ಒಡೆದು, ಕೊಳೆತ ಮೊಟ್ಟೆಯ ವಾಸನೆಯ ಅನಿಲ ಬಿಡುತ್ತದೆ, ಕ್ಯಾಲ್ಸಿಯಂ ಬೇರೆ ರೂಪ ತಾಳುತ್ತದೆ. ಈ ಖನಿಜ ಭೂಮಿಯ ಮೇಲ್ಮೈಯಲ್ಲಿ ಬಹುತೇಕ ಕಾಣಸಿಗದಿರುವುದು ಅದಕ್ಕೇ. ಆಗಸ್ಟ್ ತಿಂಗಳೆಂದರೆ ಮಳೆಗಾಲ. ಹಸಿ ಮಣ್ಣಿನಲ್ಲಿ ನಾಲ್ಕು ದಿನ ಬಿದ್ದಿದ್ದ ಆಬ್ರೈಟಿಗೂ ಸೂರಿನ ಕೆಳಗೆ ಬಿದ್ದು ಅಂದೇ ಕಾಗದದಲ್ಲಿ ಸುತ್ತಿಟ್ಟ ಆಬ್ರೈಟಿಗೂ ಇರುವ ವ್ಯತ್ಯಾಸ ಬಹಳ ದೊಡ್ಡದು.

ಹಾಗಾಗಿ ನಾನು ಹೇಳುವುದಿಷ್ಟು: ಉಲ್ಕಾಶಿಲೆಗಳನ್ನು ಹಿಡಿಯಲು ನಾವು ಕಟ್ಟದೆಯೇ ಕಟ್ಟಿಕೊಂಡಿರುವ ಉಪಕರಣ ನಮ್ಮ ಮನೆಗಳು. ಮನೆಗೆ ಬಿದ್ದದ್ದು ಒಡನೆ ಕಾಣುತ್ತದೆ, ಬಿದ್ದ ಗಳಿಗೆ ನಿಖರವಾಗಿ ತಿಳಿಯುತ್ತದೆ, ಮಣ್ಣು ನೀರು ಸೋಕುವುದು ಕಡಿಮೆ. ವಿರಳ ವರ್ಗದ, ಮೆದು ಸ್ವಭಾವದ ಕಲ್ಲುಗಳ ಚರಿತ್ರೆಯಲ್ಲಿ ಮನೆಗಳ ಹೆಸರು ಮತ್ತೆ ಮತ್ತೆ ಬರುತ್ತದೆ. 1999ರಲ್ಲಿ ಜಪಾನಿನ ಕೋಬೆಯಲ್ಲಿ ಛಾವಣಿ ಒಡೆದು ಹಾಸಿಗೆಯ ಮೇಲೆ ಚೂರಾಗಿ ಬಿದ್ದದ್ದು ಸಿಕೆ4 ಎಂಬ ಅಪರೂಪದ ಇಂಗಾಲಯುಕ್ತ ಕಾಂಡ್ರೈಟ್. 2019ರ ಏಪ್ರಿಲ್‌ನಲ್ಲಿ ಕೋಸ್ಟಾರಿಕಾದ ಆಗ್ವಾಸ್ ಸಾರ್ಕಾಸ್‌ನಲ್ಲಿ ಮನೆಯ ತಗಡಿನ ಸೂರನ್ನೂ ಒಂದು ನಾಯಿಗೂಡನ್ನೂ ತೂರಿದ್ದು ಸಿಎಂ2, ಜೇಡಿಮಣ್ಣಿನ ಖನಿಜಗಳೂ ಸಾವಯವ ಸಂಯುಕ್ತಗಳೂ ಇರುವ ಕಲ್ಲು. ಅಲ್ಲಿ ಮಳೆ ಬರುವ ಮೊದಲು ಆಯ್ದ ತುಂಡುಗಳನ್ನೂ ಆಮೇಲೆ ಆಯ್ದವನ್ನೂ ವಿಜ್ಞಾನಿಗಳು ಬೇರೆ ಬೇರೆಯಾಗಿಯೇ ಲೆಕ್ಕ ಹಿಡಿಯುತ್ತಾರೆ. 2021ರ ಫೆಬ್ರವರಿ 28ರ ರಾತ್ರಿ ಇಂಗ್ಲೆಂಡಿನ ವಿಂಚ್‌ಕೂಂಬ್‌ನಲ್ಲಿ ಮನೆಯೊಂದರ ಮುಂದಿನ ಹಾದಿಗೆ ಬಿದ್ದು ಕಪ್ಪು ಪುಡಿಯಾದದ್ದೂ ಸಿಎಂ2. ಮನೆಯವರು ಬೆಳಿಗ್ಗೆ ಎದ್ದು ಆ ಪುಡಿಯನ್ನು ಚೀಲಗಳಲ್ಲಿ ತುಂಬಿಟ್ಟರು. ಅದರೊಳಗಿನ ನೀರಿನ ಹೈಡ್ರೋಜನ್ ಐಸೋಟೋಪುಗಳ ಅನುಪಾತ ನಮ್ಮ ಸಮುದ್ರಗಳ ನೀರಿಗೆ ಹತ್ತಿರವಾಗಿದೆ ಎಂದು ಆಮೇಲೆ ತಿಳಿಯಿತು. ಆ ಪುಡಿಯನ್ನು ಬೆಳಗಿನ ಕಸದ ಜೊತೆ ಗುಡಿಸಿ ಹಾಕಿದ್ದರೆ?

ಬೇಗ ಎತ್ತಿಡುವುದರಲ್ಲಿ ಇನ್ನೊಂದು ಲಾಭವಿದೆ, ಅದು ಪಿಆರ್‌ಎಲ್‌ನ ಹಳೆಯ ವಿದ್ಯೆ. ಬಾಹ್ಯಾಕಾಶದಲ್ಲಿ ತಿರುಗುವ ಕಲ್ಲಿನ ಮೇಲೆ ವಿಶ್ವಕಿರಣಗಳು ಸದಾ ಬಡಿಯುತ್ತಿರುತ್ತವೆ. ಅದರಿಂದ ಕಲ್ಲಿನೊಳಗೆ ವಿಕಿರಣಶೀಲ ಐಸೋಟೋಪುಗಳು ಹುಟ್ಟುತ್ತವೆ. ಅಲ್ಯೂಮಿನಿಯಂ-26ರ ಅರ್ಧಾಯುಷ್ಯ ಸುಮಾರು 7 ಲಕ್ಷ ವರ್ಷ, ಅದಕ್ಕೆ ಆತುರವಿಲ್ಲ. ಸೋಡಿಯಂ-22ರದು 2.6 ವರ್ಷ. ಮ್ಯಾಂಗನೀಸ್-54ರದು 312 ದಿನ. ವನೇಡಿಯಂ-48ರದು ಬರೀ 16 ದಿನ. ಕಲ್ಲು ಭೂಮಿಗೆ ಬಿದ್ದ ಕ್ಷಣದಿಂದ ಇವು ಹುಟ್ಟುವುದು ನಿಲ್ಲುತ್ತದೆ, ಕ್ಷಯಿಸುವುದು ಮಾತ್ರ ಮುಂದುವರಿಯುತ್ತದೆ. ಎರಡು ತಿಂಗಳು ಮನೆಯ ಕಪಾಟಿನಲ್ಲಿಟ್ಟು ಆಮೇಲೆ ಕೊಟ್ಟರೆ ವನೇಡಿಯಂ ಹೇಳಬೇಕಾದದ್ದು ಹೆಚ್ಚುಕಡಿಮೆ ಮುಗಿದಿರುತ್ತದೆ. ವಾತಾವರಣಕ್ಕೆ ಬರುವ ಮೊದಲು ಕಲ್ಲು ಎಷ್ಟು ದೊಡ್ಡದಿತ್ತು, ಎಷ್ಟು ಕಾಲ ಬಯಲಲ್ಲಿ ಅಲೆದಿತ್ತು ಎಂಬುದನ್ನು ಹೀಗೆ ಹುಟ್ಟಿದ ಐಸೋಟೋಪುಗಳಿಂದ ಲೆಕ್ಕ ಹಾಕುತ್ತಾರೆ. 1947ರಲ್ಲಿ ಪಿಆರ್‌ಎಲ್ ಸ್ಥಾಪಿಸಿದ ವಿಕ್ರಂ ಸಾರಾಭಾಯಿ ವಿಶ್ವಕಿರಣಗಳ ಅಧ್ಯಯನಕ್ಕೆ ಕೈಹಾಕಿದ್ದು ನಮ್ಮ ಬೆಂಗಳೂರಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ನರ ಬಳಿ, ಎರಡನೆಯ ಮಹಾಯುದ್ಧದ ದಿನಗಳಲ್ಲಿ ಎಂಬುದನ್ನು ಇಲ್ಲಿ ನೆನೆಯಬೇಕು. ಮುಂದೆ ಪಿಆರ್‌ಎಲ್‌ನ ನಿರ್ದೇಶಕರಾದ ದೇವೇಂದ್ರ ಲಾಲ್ ಈ ಐಸೋಟೋಪುಗಳನ್ನು ಕಾಲಮಾಪನಕ್ಕೆ ಬಳಸುವ ದಾರಿಯನ್ನು ಜಗತ್ತಿಗೆ ತೋರಿದವರಲ್ಲಿ ಪ್ರಮುಖರು.

ಆಬ್ರೈಟಿನ ಹುಟ್ಟೂರು ಯಾವುದು ಎಂಬ ಪ್ರಶ್ನೆಗೆ ಮರಳುತ್ತೇನೆ. ಕ್ಷುದ್ರಗ್ರಹಗಳಲ್ಲಿ ಇ ಬಗೆಯವು ಎಂದು ಕೆಲವಿವೆ, ಬಿಳಿಚಿಕೊಂಡು ಹೊಳೆಯುವಂಥವು. ಅವುಗಳಿಂದ ಬರುವ ಬೆಳಕು ಎನ್‌ಸ್ಟಟೈಟಿನದಕ್ಕೆ ಹೊಂದುತ್ತದೆ. ಕ್ಷುದ್ರಗ್ರಹಪಟ್ಟಿಯ ಸೂರ್ಯನಿಗೆ ಹತ್ತಿರದ ಒಳಅಂಚಿನಲ್ಲಿ ಹಂಗೇರಿಯಾ ಎಂಬ ಗುಂಪಿನಲ್ಲಿ ಇವು ಹೆಚ್ಚು. ಇಂಥದ್ದೇ ಒಂದಾದ ಸ್ಟೈನ್ಸ್‌ನ ಪಕ್ಕದಲ್ಲಿ ರೊಸೆಟ್ಟಾ ನೌಕೆ 2008ರ ಸೆಪ್ಟೆಂಬರಿನಲ್ಲಿ ಹಾದುಹೋಗಿ ಚಿತ್ರ ತೆಗೆಯಿತು. ಇನ್ನು ಬುಧ. 2011ರಿಂದ 2015ರವರೆಗೆ ಬುಧನನ್ನು ಸುತ್ತಿದ ಮೆಸೆಂಜರ್ ನೌಕೆ ಅಲ್ಲಿನ ನೆಲದಲ್ಲಿ ಕಬ್ಬಿಣ ತೀರ ಕಡಿಮೆ, ಗಂಧಕ ಬಹಳ ಹೆಚ್ಚು ಎಂದು ತೋರಿಸಿತು. ಆಬ್ರೈಟಿನ ರಸಾಯನದ ನೆರಳೇ ಅದು. ದಿಯೋದರ್‌ನ ಕಲ್ಲು ಬುಧನಿಂದ ಬಂತು ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಲು ಆಧಾರವಿಲ್ಲ. ಬುಧನ ಒಂದು ಹರಳೂ ಕೈಯಲ್ಲಿಲ್ಲದ ನಮಗೆ ಆ ಗ್ರಹದ ನೆಲದಲ್ಲಿ ಖನಿಜಗಳು ಹೇಗೆ ವರ್ತಿಸುತ್ತವೆ ಎಂದು ಪ್ರಯೋಗ ಮಾಡಲು ಆಬ್ರೈಟ್ ಸಿಗುತ್ತದೆ ಎನ್ನುತ್ತಿದ್ದೇನೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದು ನಿಲ್ಲಿಸುವುದು ಆಮ್ಲಜನಕದ ಸಂಗತಿ. ಆಮ್ಲಜನಕಕ್ಕೆ 16, 17, 18 ಎಂಬ ಮೂರು ಸ್ಥಿರ ಐಸೋಟೋಪುಗಳಿವೆ. ಮಂಗಳನ ಕಲ್ಲಿನಲ್ಲಿ, ಸಾಮಾನ್ಯ ಕಾಂಡ್ರೈಟ್‌ಗಳಲ್ಲಿ ಇವುಗಳ ಅನುಪಾತ ಭೂಮಿಯದಕ್ಕಿಂತ ಬೇರೆ. ಷಿಕಾಗೋದ ರಾಬರ್ಟ್ ಕ್ಲೇಟನ್ ಮತ್ತು ತೋಷಿಕೋ ಮಯೇಡ ದಶಕಗಳ ಕಾಲ ಕಲ್ಲಿನಿಂದ ಕಲ್ಲಿಗೆ ಇದನ್ನು ಅಳೆದು ಇಟ್ಟರು. ಆಬ್ರೈಟ್‌ಗಳೂ ಅವುಗಳ ದಾಯಾದಿಗಳಾದ ಎನ್‌ಸ್ಟಟೈಟ್ ಕಾಂಡ್ರೈಟ್‌ಗಳೂ ಆ ಅಳತೆಗಳ ನಕ್ಷೆಯಲ್ಲಿ ಭೂಮಿ ಮತ್ತು ಚಂದ್ರ ಇರುವ ಗೆರೆಯ ಮೇಲೆಯೇ ಬಂದು ಕೂತವು. ಇಷ್ಟು ಅಪರಿಚಿತ ರಸಾಯನದ ಈ ಕಲ್ಲೂ ನಾವು ನಿಂತಿರುವ ಭೂಮಿಯೂ ಒಂದೇ ಬಗೆಯ ಧೂಳಿನಿಂದ ಆದವು ಎಂಬ ವಾದಕ್ಕೆ ಇದು ದೊಡ್ಡ ಬಲ. ಭೂಮಿ ಯಾವುದರಿಂದ ಆಯಿತು ಎಂದು ಕೇಳುವವರು ಇವತ್ತು ಈ ಗುಂಪಿನ ಕಲ್ಲುಗಳನ್ನು ಬಿಟ್ಟು ಮಾತಾಡಲಾರರು.

ಆಬ್ರೈಟ್ ಅಲ್ಲದ ಬೇರೆ ಅತಿಥಿಗಳೂ ನಮ್ಮ ನೆಲಕ್ಕೆ ಬಂದಿದ್ದಾರೆ. 1865ರ ಆಗಸ್ಟ್ 25ರಂದು ಬಿಹಾರದ ಶೇರ್‌ಘಾಟಿಯಲ್ಲಿ ಕಲ್ಲು ಬಿತ್ತು. ಅದು ಮಂಗಳನದೆಂದು ತಿಳಿಯಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ಅದು ಬಿದ್ದು ತಿಂಗಳು ತುಂಬುವುದರೊಳಗೆ, ಸೆಪ್ಟೆಂಬರ್ 21ರಂದು, ನಮ್ಮ ಮದ್ದೂರಿನಲ್ಲಿ ಒಂದು. ಅದು ಎಲ್5. ಮರುವರ್ಷ ಏಪ್ರಿಲ್‌ನಲ್ಲಿ ಉಡುಪಿಯಲ್ಲಿ, ಅದು ಎಚ್5. 2008ರ ಸೆಪ್ಟೆಂಬರಿನಲ್ಲಿ ಹೊಸೂರಿನಿಂದ ಕೃಷ್ಣಗಿರಿಗೆ ಹೋಗುವ ದಾರಿಯ ಶೂಲಗಿರಿಯಲ್ಲಿ ಬಿದ್ದ ಎಲ್‌ಎಲ್6 ಕಲ್ಲುಗಳ ಒಟ್ಟು ತೂಕ 100 ಕಿಲೋಗೂ ಹೆಚ್ಚು. ಉಲ್ಕಾಶಿಲೆಗೆ ಅದು ಬಿದ್ದ ಊರಿನ ಹೆಸರನ್ನೇ ಇಡುವುದು ಅಂತರರಾಷ್ಟ್ರೀಯ ಪದ್ಧತಿ. ಹಾಗಾಗಿ 70 ಸಾವಿರಕ್ಕೂ ಮೀರಿದ ಆ ಪಟ್ಟಿಯಲ್ಲಿ ಮದ್ದೂರು, ಉಡುಪಿ ಎರಡೂ ಇವೆ, ಹಳೆಯ ಇಂಗ್ಲಿಷ್ ಕಾಗುಣಿತದಲ್ಲಿ.

ನಾಳೆ ಮಂಡ್ಯದ ಒಂದು ಹಟ್ಟಿಗೋ ಕಲಬುರ್ಗಿಯ ಒಂದು ಮಾಳಿಗೆಗೋ ಕಲ್ಲು ಬಂದರೆ ಏನು ಮಾಡಬೇಕು? ಇಲ್ಲಿರುವ ವಿದ್ಯಾರ್ಥಿಗಳು ದಯವಿಟ್ಟು ಬರೆದುಕೊಳ್ಳಿ. ಮೊದಲು ಗಡಿಯಾರ ನೋಡಿ ಸಮಯ ಗುರುತು ಹಾಕಿ. ಕಲ್ಲನ್ನು ಮುಟ್ಟುವ ಮೊದಲು ಅದು ಬಿದ್ದ ಜಾಗದ ಫೋಟೋ ತೆಗೆಯಿರಿ, ಒಡೆದ ಹೆಂಚು, ಟೈಲ್ಸ್, ಕೊಂಬೆ ಎಲ್ಲ ಸೇರಿ. ಕಲ್ಲು ಬಂದ ದಿಕ್ಕನ್ನು ಅವುಗಳಿಂದ ಊಹಿಸಬಹುದು. ಬರಿಗೈಯಲ್ಲಿ ಹಿಡಿಯಬೇಡಿ. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಒಣ ಡಬ್ಬಿಯಲ್ಲಿಡಿ. ತೊಳೆಯಬೇಡಿ. ನಮ್ಮ ಜನ ಆಕಾಶದಿಂದ ಬಂದದ್ದಕ್ಕೆ ಅರಿಸಿನ ಕುಂಕುಮ ಹಚ್ಚುತ್ತಾರೆ, ಎಳನೀರು ಎರೆಯುತ್ತಾರೆ. ಆ ಭಕ್ತಿಯನ್ನು ನಾನು ಗೌರವಿಸುತ್ತೇನೆ, ಆದರೆ ಕಲ್ಲಿನ ಬಿರುಕಿಗೆ ಇಳಿದ ನೀರನ್ನೂ ಬಣ್ಣವನ್ನೂ ಮತ್ತೆ ತೆಗೆಯಲು ಯಾವ ಪ್ರಯೋಗಾಲಯಕ್ಕೂ ಆಗುವುದಿಲ್ಲ. ಪೂಜೆ ಮಾಡುವುದಿದ್ದರೆ ಡಬ್ಬಿಗೆ ಮಾಡಿ. ಅಯಸ್ಕಾಂತವನ್ನೂ ತಾಗಿಸಬೇಡಿ: ಕಲ್ಲು ತನ್ನ ತಾಯಿಕಾಯದಿಂದ ಹೊತ್ತು ತಂದ ಕಾಂತಗುಣದ ಗುರುತು ಅದರಿಂದ ಅಳಿಸಿಹೋಗುತ್ತದೆ, ಮೇಲಾಗಿ ಆಬ್ರೈಟಿನಂಥ ಕಲ್ಲಾದರೆ ಅಂಟದೆ ನಿಮ್ಮನ್ನು ದಾರಿ ತಪ್ಪಿಸುತ್ತದೆ. ತಹಶೀಲ್ದಾರರ ಕಚೇರಿಗೆ, ಹತ್ತಿರದ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೆ, ಭೂವೈಜ್ಞಾನಿಕ ಸರ್ವೇಕ್ಷಣಾಲಯಕ್ಕೆ ಅಂದೇ ತಿಳಿಸಿ. ದೇಶದ ಉಲ್ಕಾಶಿಲೆಗಳ ಸಂಗ್ರಹವನ್ನು ನೋಡಿಕೊಳ್ಳುತ್ತಿರುವುದು ಆ ಸರ್ವೇಕ್ಷಣಾಲಯವೇ.

ದೊಡ್ಡ ತುಂಡನ್ನು ಎತ್ತಿದ ಮೇಲೆ ನೆಲವನ್ನು ಗುಡಿಸಿ, ಆ ಪುಡಿಯನ್ನು ಬೇರೆ ಪೊಟ್ಟಣ ಕಟ್ಟಿ. ತೆಳುಪದರ ಮಾಡಲು, ಖನಿಜಗಳ ಕಬ್ಬಿಣವನ್ನು ಅಳೆಯಲು, ಆಮ್ಲಜನಕದ ಐಸೋಟೋಪು ನೋಡಲು ಬೇಕಾಗುವುದು ಕೆಲವು ಗ್ರಾಂ ಮಾತ್ರ. ಪುಡಿಯೇ ಅದಕ್ಕೆ ಒದಗಿದರೆ ದೊಡ್ಡ ತುಂಡನ್ನು ಕೊಯ್ಯದೆ ಇಡಬಹುದು, ಇನ್ನೂ ಬರಬೇಕಾದ ಉಪಕರಣಗಳಿಗಾಗಿ.